ಫಟಲ್ ಮನೆಯವರ ಹೆಸರು

ಲಂಡನ್
12 ಮಾರ್ಚ್ 1961

ಪ್ರೀತಿಯ ಬೀನಿ,

ಊರಿಂದ ಬಂದು ಐದು ದಿನವಾಯಿತು, ಬರೆಯಲು ಈಗ ಪುರಸೊತ್ತು ಸಿಕ್ಕಿತು. ನೀನು ಕಟ್ಟಿಕೊಟ್ಟ ಓಟ್ಸ್ ರೊಟ್ಟಿ ಇನ್ನೂ ನಾಲ್ಕು ಉಳಿದಿವೆ. ಯಾರಿಗೂ ಕೊಡದೆ ಒಬ್ಬಳೇ ತಿನ್ನುತ್ತಿದ್ದೇನೆ.

ಹನ್ನೊಂದು ದಿನಕ್ಕೆ ಊರವರ ಮಾತು ಹದಿನಾಲ್ಕು ಟೇಪಿಗೆ ತುಂಬಿಸಿ ತಂದಿದ್ದೇನೆ. ನಮ್ಮ ಪ್ರೊಫೆಸರರು ಕೇಳಿ ಕುಣಿಯುವುದೊಂದು ಬಾಕಿ. ನಮ್ಮ ಸ್ಕೆರಿಹೇವನ್ ಸ್ಕಾಟ್ಲೆಂಡಿನ ಭೂಪಟದಲ್ಲಿ ಎಲ್ಲಿದೆಯೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆ ಊರಿನಲ್ಲಿ ಮುಕ್ಕಾಲು ಪಾಲು ಜನ ಮೇರ್‌ಗಳೇ, ಅದರಲ್ಲಿ ಏಳು ಗಿಲ್ಬರ್ಟ್ ಮೇರ್, ಒಂಬತ್ತು ಅಲೆಕ್ಸಾಂಡರ್ ಮೇರ್, ಹಾಗಾಗಿ ಮತದಾರರ ಪಟ್ಟಿಯಲ್ಲೂ ಗೋರಿಕಲ್ಲಿನ ಮೇಲೂ ಅಡ್ಡಹೆಸರು ಹಾಕಲೇಬೇಕು ಎಂದರೆ ಅವರು ನಂಬಲಿಲ್ಲ. ಕೊನೆಗೆ ಅಪ್ಪ ಕೊಟ್ಟ ದೋಣಿ ಕೂಲಿಯ ಹಳೆಯ ಚೀಟಿ ತೋರಿಸಿದೆ. ಅಲೆಕ್ಸಾಂಡರ್ ಮೇರ್, ಪಕ್ಕದಲ್ಲಿ 'ಡೂ'. "ಡೂ ಅಂದರೇನು, ಮಿಸ್ ಮೇರ್?" ಎಂದರು. ನಮ್ಮ ಕಡೆ ಪಾರಿವಾಳಕ್ಕೆ ಹಾಗೆನ್ನುತ್ತಾರೆ ಎಂದೆ. ಬರೆದುಕೊಂಡರು. ಪಾರಿವಾಳದ ಮನೆಯವರು, ಬೂಟಿನ ಮನೆಯವರು, ಗಂಜಿ ಮನೆಯವರು, ಬಿಷಪ್ ಮನೆಯವರು, ಎಲ್ಲರೂ ಈಗ ಲಂಡನ್ನಿನ ಒಂದು ಕಬ್ಬಿಣದ ಬೀರುವಿನಲ್ಲಿ ಸಾಲಾಗಿ ಕೂತಿದ್ದಾರೆ.

ಇಲ್ಲಿಗೆ ಬಂದ ಮರುದಿನ ಬಾಯಿ ತಪ್ಪಿ, ಕಾಗದ ತಂದುಕೊಟ್ಟ ತರುಣನನ್ನು 'ಲೂನ್' ಎಂದುಬಿಟ್ಟೆ. ನಮ್ಮಲ್ಲಿ ಲೂನ್ ಎಂದರೆ ಹುಡುಗ. ಇವರ ಇಂಗ್ಲಿಷಿನಲ್ಲಿ ಅದು ಹುಚ್ಚ. ಅವನು ಕೆಂಪಗಾದ, ನಾನೂ ಕೆಂಪಗಾದೆ. ಕ್ರುಕ್‌ಶ್ಯಾಂಕ್ ಮೇಷ್ಟ್ರು ಈ ಮಾತುಗಳಿಗೆಲ್ಲ ಅಂಗೈಗೆ ಚರ್ಮದ ಪಟ್ಟಿಯಿಂದ ಬಾರಿಸುತ್ತಿದ್ದರಲ್ಲ, ಈಗ ಅವೇ ಮಾತುಗಳಿಗೆ ನನಗೆ ಸಂಬಳ ಬರುತ್ತಿದೆ. ಅವರಿಗೆ ಸಿಕ್ಕಿದರೆ ಹೇಳು.

ಇನ್ನೊಂದು ವಿಷಯ. ಶುಕ್ರವಾರ ನೀನು ಅಂಗಡಿಗೆ ಹೋದಾಗ ಅಪ್ಪ ನಿನ್ನ ಗಂಡ ಗಿಬ್ಬಿಯ ಮನೆಗೆ 'ಫಟಲ್' ಎಂಬ ಹೆಸರು ಬಂದದ್ದು ಹೇಗೆಂದು ಪೂರ್ತಿ ಹೇಳಿದ. ನಲವತ್ತು ನಿಮಿಷ. ನಮಗೆ ಗೊತ್ತಿದ್ದದ್ದು ಅರ್ಧ ಮಾತ್ರ. 1909ರಲ್ಲಿ ಮೀನಿನ ದೋಣಿ ಬಂಡೆಗೆ ಬಡಿದು ಮುಳುಗಿದಾಗ ಅದರ ಜೊತೆಗಿದ್ದ ಚಿಕ್ಕ ದೋಣಿಗೆ ಹತ್ತಿಕೊಂಡವನು ಗಿಬ್ಬಿಯ ಅಜ್ಜ ಒಬ್ಬನೇ. ನಮ್ಮ ಅಜ್ಜನೂ ಇನ್ನೊಬ್ಬನೂ ನೀರಿನಲ್ಲಿ ಅದರ ಹಗ್ಗ ಹಿಡಿದು ಜೋತಾಡುತ್ತಿದ್ದರು. ಅವರ ಭಾರಕ್ಕೆ ವಾಲಿ ಚಿಕ್ಕ ದೋಣಿಗೆ ನೀರು ನುಗ್ಗುತ್ತಿತ್ತು. ಅವನು ಮೀನು ಬಗೆಯುವ ಚೂರಿಯಿಂದ ಹಗ್ಗ ಕೊಯ್ದ. ದಡದಲ್ಲಿ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು, ಹತ್ತು ವರ್ಷದ ಅಪ್ಪನೂ ನೋಡುತ್ತಿದ್ದ. ಅವನು ದಡಕ್ಕೆ ಬಂದಾಗ ಚೂರಿ ಇನ್ನೂ ಕೈಯಲ್ಲೇ ಇತ್ತಂತೆ. ಯಾರೋ ಒಬ್ಬಳು "ಫಟಲ್" ಅಂದಳು, ಮೀನಿನ ಚೂರಿಯ ಹೆಸರು, ಅಷ್ಟೇ. ಸಂಜೆಯೊಳಗೆ ಊರೆಲ್ಲ ಅದೇ ಹೆಸರು.

ಇಂಥ ಟೇಪು ನಮ್ಮ ಇಲಾಖೆಯಲ್ಲಿ ಇನ್ನೊಂದಿಲ್ಲ. ಅಪ್ಪನಿಗೆ ಕೆಮ್ಮಿನ ಔಷಧಿ ತಪ್ಪಿಸಬೇಡ.

ನಿನ್ನ ಅಕ್ಕ,
ನೆಟ್ಟಾ


ಸ್ಕೆರಿಹೇವನ್
17 ಮಾರ್ಚ್ 1961

ಅಕ್ಕಾ,

ನಿನ್ನ ಕಾಗದ ಬಂದಾಗ ಗಿಬ್ಬಿ ಎದುರಿಗೇ ಕೂತು ಬೂಟು ಹಾಕಿಕೊಳ್ಳುತ್ತಿದ್ದ. "ಏನಂತೆ ನಿಮ್ಮಕ್ಕ?" ಅಂದ. "ರೊಟ್ಟಿ ಚೆನ್ನಾಗಿದ್ವಂತೆ" ಅಂದೆ. ಆಮೇಲೆ ಕಾಗದವನ್ನು ಒಲೆಗೆ ಹಾಕಿದೆ.

ಆ ಟೇಪನ್ನು ಅಳಿಸಿಬಿಡು. ಬೇರೆ ಹದಿಮೂರು ನಿನ್ನವು, ಅದೊಂದನ್ನು ಅಳಿಸು.

ನೀನು ಇಪ್ಪತ್ತು ವರ್ಷದಿಂದ ಊರಲ್ಲಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಈ ಕತೆ ಊರಿನ ಎಲ್ಲರಿಗೂ ಗೊತ್ತು, ಫಟಲ್ ಮನೆಯವರಿಗೆ ಬಿಟ್ಟು. ನಮ್ಮಜ್ಜಿ ಮಾರನೆಯ ದಿನ ಬಾವಿಕಟ್ಟೆಯಲ್ಲಿ ನಿಂತು ಹೇಳಿದಳಲ್ಲ, "ಹೆಸರು ಅವನಿಗೆ ಸಾಕು, ಕತೆ ಅವನ ಮಕ್ಕಳಿಗೆ ಬೇಡ" ಅಂತ. ಗಂಡನನ್ನು ಕಳೆದುಕೊಂಡವಳೇ ಹಾಗೆಂದ ಮೇಲೆ ಉಳಿದವರು ಬಾಯಿ ತೆರೆಯಲಿಲ್ಲ. ಅವನೂ ಸಾಯುವ ತನಕ ಪ್ರತಿ ಶನಿವಾರ ಅಜ್ಜಿಯ ಹೊಸಿಲ ಮೇಲೆ ಒಂದು ಊಟದಷ್ಟು ಮೀನಿಟ್ಟು, ಬಾಗಿಲು ತಟ್ಟದೆ ಹೋಗುತ್ತಿದ್ದ. ಐದು ಮಕ್ಕಳಿದ್ದವು, ಅಜ್ಜಿ ಬೇಯಿಸಿ ಹಾಕಿದಳು.

ಗಿಬ್ಬಿಗೆ ಗೊತ್ತಿರುವುದೇ ಬೇರೆ. ಅವನ ಅಜ್ಜಿ ಯಾರ್ಮತ್ ಬಂದರಿನಲ್ಲಿ ನಿಮಿಷಕ್ಕೆ ಅರವತ್ತು ಹೆರಿಂಗ್ ಮೀನು ಬಗೆಯುತ್ತಿದ್ದಳಂತೆ, ಅಂಥ ಕೈ ಇಡೀ ತೀರದಲ್ಲಿ ಇರಲಿಲ್ಲವಂತೆ, ಅದಕ್ಕೇ ಮನೆತನಕ್ಕೆ ಚೂರಿಯ ಹೆಸರಂತೆ. ಮಕ್ಕಳಿಗೆ ಹೇಳುವಾಗ ಎಪ್ಪತ್ತು ಮಾಡುತ್ತಾನೆ. ಹೊಸ ದೋಣಿ ತಂದ ವರ್ಷ ಅದರ ಮೂತಿಗೆ ಒಂದು ಚೂರಿಯ ಚಿತ್ರ ಬರೆದ. ಊರೆಲ್ಲ ಬಂದು ನಿಂತು ನೋಡಿತು. ಕತೆಯ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಬಿಷಪ್ ಮನೆಯ ಮುದುಕ "ಚಂದಾಗೈತೆ ಕಣಪ್ಪಾ" ಅಂದ.

ನಾನು ಎಲ್ಲ ಗೊತ್ತಿದ್ದೇ ಅವನನ್ನು ಮದುವೆಯಾದೆ. ಅಜ್ಜಿ ಬದುಕಿದ್ದಳು, ಚರ್ಚಿನ ಬಾಗಿಲಲ್ಲಿ ಅವನ ಕೈ ಕುಲುಕಿದಳು. ಅಲ್ಲಿಗೆ ಅದು ಮುಗಿಯಿತು. ಅವನಿಗೆ ತಿಳಿದರೆ ತನ್ನಜ್ಜ ಮಾಡಿದ್ದನ್ನು ಹೇಗಾದರೂ ಸಹಿಸಿಕೊಳ್ಳುತ್ತಾನೆ. ನಾವೆಲ್ಲ ಅವನ ಬೆನ್ನ ಹಿಂದೆ ತಿಳಿದುಕೊಂಡು ಕೂತಿದ್ದೆವು ಎಂಬುದನ್ನು ಸಹಿಸುವುದಿಲ್ಲ. ನನ್ನ ಗಂಡನನ್ನು ನಾನು ಬಲ್ಲೆ.

ಅಪ್ಪನನ್ನು ಬಯ್ದೆ. "ಮಗಳು ಕೇಳಿದ್ಲು, ಹೇಳ್ದೆ. ಆ ಪೆಟ್ಟಿಗೆ ಕೇಳ್ತಾ ಐತೆ ಅನ್ನೋದು ಮರ್ತೇಹೋಯ್ತು" ಅಂದ. ಎಷ್ಟೋ ವರ್ಷದ ಮೇಲೆ ನೀನು ಅವನ ಪಕ್ಕ ಒಂದು ಗಂಟೆ ಕೂತದ್ದು, ಅದಕ್ಕೇ ಮರೆತಿರಬೇಕು.

ಎದುರುಮನೆ ಬೂಟಿನ ಜೀನಿ ಏನಂದಳು ಗೊತ್ತಾ? ನೀನು ಮೆಷಿನ್ ಹಾಕಿದಾಗ ನಮ್ಮ ಮಾತಾಡುತ್ತೀಯಂತೆ, ಆರಿಸಿದ ಕೂಡಲೇ ಲಂಡನ್ ಮಾತಂತೆ. "ನಿಮ್ಮಕ್ಕನ ಬಾಯಿಗೂ ಒಂದು ಸ್ವಿಚ್ಚು ಐತೆ ಕಣೇ" ಅಂದಳು. ನಾನು ನಕ್ಕುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ.

ಅಳಿಸಿದೆನೆಂದು ಒಂದು ಸಾಲು ಬರೆ.

ಬೀನಿ


ಲಂಡನ್
24 ಮಾರ್ಚ್ 1961

ಪ್ರೀತಿಯ ಬೀನಿ,

ನೀನು ಸುಮ್ಮನೆ ಹೆದರಿದ್ದೀಯ. ನಾವು ಮಾಡುತ್ತಿರುವುದು ಪತ್ರಿಕೆಯಲ್ಲ, ಊರೂರಿನ ಮಾತುಗಳ ಪದಕೋಶ. ಓದುವವರು ನನ್ನಂಥ ನಾಲ್ಕು ಜನ, ಅವರಲ್ಲಿ ಇಬ್ಬರು ಕನ್ನಡಕ ಮರೆತು ಬಂದಿರುತ್ತಾರೆ. ಊರಿನ ಹೆಸರು ಹಾಕುವುದಿಲ್ಲ. ಮನೆತನದ ಹೆಸರೂ ಹಾಕುವುದಿಲ್ಲ, ಮೇರ್ ಎಂಬ ಮಾತು ಎಲ್ಲೂ ಬರುವುದಿಲ್ಲ. ನನ್ನ ಮೇಲೆ ಬಿಡು.

ಆದರೆ ಒಂದು ಮಾತು ಕೇಳುತ್ತೇನೆ. ಹಗ್ಗ ಹಿಡಿದು ಜೋತಾಡಿದವನು ನನಗೂ ಅಜ್ಜನೇ ಅಲ್ಲವೇ? ಫಟಲ್ ಮನೆಯವರ ಮನಸ್ಸು ನೋಯಬಾರದೆಂದು ಐವತ್ತು ವರ್ಷ ಊರೆಲ್ಲ ಬಾಯಿ ಹೊಲಿದುಕೊಂಡಿತು. ನಮ್ಮ ಅಜ್ಜ ಹೇಗೆ ಸತ್ತನೆಂದು ನಾವೇ ಗಟ್ಟಿಯಾಗಿ ಹೇಳುವ ಹಾಗಿಲ್ಲ. ನಿನಗೆ ಅದು ಸಹಜವೆನ್ನಿಸುತ್ತದೆ. ನನಗೆ ದೂರದಿಂದ ನೋಡಿದಾಗ ಹಾಗನ್ನಿಸುವುದಿಲ್ಲ.

ಅಪ್ಪನಿಗೆ ಉಣ್ಣೆಯ ಬನಿಯನ್ ಕಳಿಸಿದ್ದೇನೆ.

ನೆಟ್ಟಾ


ಸ್ಕೆರಿಹೇವನ್
9 ಡಿಸೆಂಬರ್ 1961

ಅಕ್ಕಾ,

ನೀನು ಹೋದ ಮೇಲೆ ಹವೆ ಬಿಗಡಾಯಿಸಿತು. ಮಣ್ಣಿಗೆ ಬಂದವರೆಲ್ಲ ಇನ್ನೂ ಮೂಗು ಸೋರಿಸಿಕೊಂಡು ಓಡಾಡುತ್ತಿದ್ದಾರೆ. ಪತ್ರಿಕೆಯಲ್ಲಿ ಅಪ್ಪನ ಸಾವಿನ ಸುದ್ದಿ ಅಡ್ಡಹೆಸರಿನ ಜೊತೆಗೇ ಬಂತು, ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಹಾಗೆ ಬರದಿದ್ದರೆ ಮಿಕ್ಕ ಎಂಟು ಅಲೆಕ್ಸಾಂಡರ್‌ಗಳ ಮನೆಗೂ ಜನ ಕಣ್ಣೊರೆಸಿಕೊಂಡು ಬರುತ್ತಿದ್ದರು.

ಪೆಟ್ಟಿಗೆ ಇಳಿಸುವಾಗ ಹಗ್ಗ ಹಿಡಿಯಲು ಎಂಟು ಜನರ ಹೆಸರನ್ನು ಅಪ್ಪನೇ ಬರೆದಿಟ್ಟಿದ್ದ. ತಲೆಯ ಕಡೆಯ ಹಗ್ಗ ಗಿಬ್ಬಿಗೆ. ನಮ್ಮ ಕಡೆ ಹೆಂಗಸರು ಗುಂಡಿಯ ತನಕ ಹೋಗುವುದಿಲ್ಲ, ನೀನು ಮನೆಯಲ್ಲೇ ಉಳಿದೆ, ನಾನು ಗೋಡೆಯಾಚೆ ನಿಂತು ನೋಡಿದೆ. ಪೆಟ್ಟಿಗೆ ತಳ ಮುಟ್ಟಿದ ಮೇಲೆ ಉಳಿದವರು ಬಿಟ್ಟರು, ಇವನು ಇನ್ನೂ ಹಿಡಿದುಕೊಂಡೇ ಇದ್ದ. ಬಿಷಪ್ ಮನೆಯವನು ಕೈ ಮುಟ್ಟಿ "ಸಾಕು ಬಿಡು ಗಿಬ್ಬಿ" ಅನ್ನಬೇಕಾಯಿತು. ಅಲ್ಲಿ ನಿಂತಿದ್ದವರೆಲ್ಲ ಅದನ್ನು ನೋಡಿದರು. ಮನೆಗೆ ಬಂದು ಯಾರೂ ಅದರ ಮಾತೆತ್ತಲಿಲ್ಲ.

ನೀನು ಅಳಿಸಿದೆನೆಂದು ಬರೆಯಲೇ ಇಲ್ಲ. ಬಂದಾಗ ಕೇಳೋಣವೆಂದಿದ್ದೆ, ಆ ಮೂರು ದಿನದಲ್ಲಿ ಕೇಳುವ ಹೊತ್ತು ಬರಲಿಲ್ಲ. ಅಳಿಸಿರುತ್ತೀಯ ಎಂದುಕೊಂಡಿದ್ದೇನೆ.

ಬೀನಿ


ಲಂಡನ್
28 ಅಕ್ಟೋಬರ್ 1963

ಪ್ರೀತಿಯ ಬೀನಿ,

ಪುಸ್ತಕ ಬಂತು. ಐನೂರ ಹನ್ನೆರಡು ಪುಟ. ಕಟ್ಟಡದ ಪೋರ್ಟರ್ ಕೂಡ ಕೈಗೆತ್ತಿಕೊಂಡು, "ಇದರಲ್ಲಿ ನಮ್ಮ ಲಂಡನ್ನಿನ ಬೈಗುಳ ಇಲ್ವಾ ಮಿಸ್?" ಎಂದು ಕೇಳಿದ. ನಿಮ್ಮದಕ್ಕೆ ಬೇರೆ ಸಂಪುಟವೇ ಬೇಕಾಗುತ್ತದೆ ಎಂದೆ.

ಮುನ್ನುಡಿಯಲ್ಲಿ ಅಪ್ಪನಿಗೆ ಕೃತಜ್ಞತೆ ಹೇಳಿದ್ದೇನೆ, ಹೆಸರು ಹಾಕದೆ. ನೀನು ಹೇಳಿದ್ದು ನೆನಪಿದೆ. ಊರಿಲ್ಲ, ಮನೆತನ 'ಎಂ' ಎಂದಷ್ಟೇ. ಯಾರಿಗೂ ಗುರುತು ಸಿಗುವ ಹಾಗಿಲ್ಲ. ನಿನಗೊಂದು ಪ್ರತಿ ಕಳಿಸಲೇ? ಬೇಡವೆಂದರೆ ಬೇಡ.

ನೆಟ್ಟಾ


ಸ್ಕೆರಿಹೇವನ್
19 ನವೆಂಬರ್ 1963

ನೆಟ್ಟಾ,

ಪ್ರತಿ ಕಳಿಸುವ ತೊಂದರೆ ತೆಗೆದುಕೊಳ್ಳಬೇಡ. ನಿನ್ನ ಪುಸ್ತಕ ನಿನ್ನ ಕಾಗದಕ್ಕಿಂತ ಹೆಚ್ಚು ಹಿಂದೆ ಬೀಳಲಿಲ್ಲ, ಎರಡನೆಯ ವಾರಕ್ಕೇ ಊರು ಮುಟ್ಟಿತು. ತರಿಸಿದವರು ಕ್ರುಕ್‌ಶ್ಯಾಂಕ್ ಮೇಷ್ಟ್ರು. ನಮ್ಮ ಮಾತಾಡಿದರೆ ಚರ್ಮದ ಪಟ್ಟಿ ಎತ್ತುತ್ತಿದ್ದ ಅದೇ ಮೇಷ್ಟ್ರು. ಲಂಡನ್ನಿನಲ್ಲಿ ಅಚ್ಚಾಯಿತು ಅಂದಮೇಲೆ ಅವರಿಗೂ ನಮ್ಮ ಮಾತಿನ ಮೇಲೆ ಅಭಿಮಾನ ಉಕ್ಕಿತು. ತಮ್ಮ ಹಳೆಯ ವಿದ್ಯಾರ್ಥಿನಿ ಬರೆದದ್ದೆಂದು ತರಗತಿಗೆ ತಂದು ಒಂದೊಂದೇ ಪದ ಓದಿ, "ಇದು ಯಾರ ಮನೆ ಹೆಸರು?" ಎಂದು ಕೇಳುತ್ತಾ ಹೋದರಂತೆ. ಮಕ್ಕಳು ಕೈ ಎತ್ತುತ್ತಿದ್ದರಂತೆ. ನಮ್ಮ ಮಗಳು ಎಫೀ ತನ್ನ ಸರದಿಗೆ ಕಾದು ಕೂತಿದ್ದಳು.

ಮೇಷ್ಟ್ರು ಮೂವತ್ತು ವರ್ಷ ಊರಲ್ಲಿದ್ದರೂ ಹೊರಗಿನವರೇ, ಅವರಿಗೆ ಯಾರೂ ಹೇಳಿರಲಿಲ್ಲ. ಫಟಲ್ ಬಂದಾಗಲೂ ಪೂರ್ತಿ ಓದಿದರು. ಹಿಂದಿನ ಬೆಂಚಿನ ದೊಡ್ಡ ಹುಡುಗರು ನೆಲ ನೋಡಿದರಂತೆ. ಎಫೀ ಮಾತ್ರ ಕೈ ಎತ್ತಿಕೊಂಡೇ ಇದ್ದಳು.

ನಾವು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವಳು ಓಡಿ ಬಂದಳು. "ಅಪ್ಪಾ, ನಮ್ಮ ಹೆಸ್ರು ಪುಸ್ತಕದಾಗೆ ಬಂದೈತೆ. ನಿಮ್ಮಜ್ಜ ಹಗ್ಗ ಕೊಯ್ದನಂತೆ." ಗಿಬ್ಬಿ ನಕ್ಕ. "ಯಾವ ಹಗ್ಗ ಮಗಳೇ? ಬಲೆ ಹಗ್ಗನಾ?" ಅಂದ. ಆಮೇಲೆ ನನ್ನ ಮುಖ ನೋಡಿದ. ನನ್ನ ಮುಖ ಆಗ ಹೇಗಿತ್ತೋ ನನಗೆ ಗೊತ್ತಿಲ್ಲ. ತಟ್ಟೆ ಹಾಗೇ ಬಿಟ್ಟು ಮೇಷ್ಟ್ರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಓದಿಕೊಂಡು ಬಂದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮದ್ವೆಗೆ ಮುಂಚೇನಾ?"

"ಮುಂಚೇನೇ."

"ಊರಿಗೆಲ್ಲ?"

"ಊರಿಗೆಲ್ಲ ಗೊತ್ತು ಗಿಬ್ಬಿ."

ಬಿಟ್ಟುಹೋಗಿದ್ದ ತನ್ನ ತಟ್ಟೆಯನ್ನು ಎತ್ತಿ ತೊಳೆಯುವ ಕಡೆ ಇಟ್ಟ. ಆಮೇಲೆ ಹೇಳಿದ, "ನಮ್ಮಜ್ಜ ಮಾಡಿದ್ದು ನಮ್ಮಜ್ಜಂದು. ನಾನು ದೋಣಿ ಮೂತಿಗೆ ಚೂರಿ ಬರೀವಾಗ ಬಣ್ಣದ ಡಬ್ಬಿ ಹಿಡ್ಕಂಡು ನಿಂತಿದ್ದೋಳು ನೀನು."

ನಾನೇ ಹಿಡಿದಿದ್ದೆ, ನಿಜ.

ಈಗ ನಿನ್ನ ಜಾಣತನದ ಬಗ್ಗೆ ಎರಡು ಮಾತು. ಮೇರ್ ಎಂಬುದನ್ನು ಮುಚ್ಚಿಟ್ಟು ಫಟಲ್ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿದ್ದೀಯ. ನಮ್ಮೂರಿನಲ್ಲಿ ಮೇರ್ ಯಾರಿಗೆ ಬೇಕು? ಅಂಚೆಯವನೇ ಅದನ್ನು ಓದುವುದಿಲ್ಲ. ಈ ತಪ್ಪನ್ನು ಪರಊರಿನವರು ಮಾಡಿದ್ದರೆ ಒಪ್ಪುತ್ತಿದ್ದೆ. ಡೂ ಮನೆಯಲ್ಲಿ ಹುಟ್ಟಿ, ಪಾರಿವಾಳ ಎಂದು ಕೂಗಿಸಿಕೊಂಡು ಬೆಳೆದವಳು ನೀನು, ಯಾವುದು ಹೆಸರು ಯಾವುದು ಅಲ್ಲ ಎನ್ನುವುದೇ ನಿನಗೆ ಮರೆತುಹೋಗಿದೆ.

ಇನ್ನೊಂದು. ಮೇಷ್ಟ್ರಿಂದ ಪುಸ್ತಕ ಇಸಿದುಕೊಂಡು ಬಂದು ನಾನೂ ಓದಿದೆ. "ಫಟಲ್. ಮೀನು ಬಗೆಯುವ ಗಿಡ್ಡ ಚೂರಿ. ಮೊರೇ ತೀರದ ಒಂದು ಹಳ್ಳಿಯಲ್ಲಿ ಎಂ ಮನೆತನದ ಅಡ್ಡಹೆಸರು. 1909ರ ದುರಂತದಲ್ಲಿ ಸಂಗಡಿಗರ ಹಗ್ಗ ಕೊಯ್ದು ಪಾರಾದವನಿಗೆ ಹೆಂಗಸರು ಇಟ್ಟದ್ದು. ಊರಿಗೆಲ್ಲ ಮೂಲ ತಿಳಿದಿದೆ, ಮನೆಯವರಿಗೆ ತಿಳಿಯದು." ಈ ಕೊನೆಯ ಸಾಲು ಅಪ್ಪನ ಟೇಪಿನದಲ್ಲ. ಅದು ನಾನು ಅಳಿಸು ಎಂದು ಬೇಡಿಕೊಂಡು ಬರೆದ ಕಾಗದದ್ದು. ಅದನ್ನೂ ನಿನ್ನ ಬೀರುವಿನಲ್ಲಿ ಇಟ್ಟುಕೊಂಡೆ.

ಆ ಸಾಲು ನನ್ನಿಂದ ಹೋದದ್ದೆಂದು ಗಿಬ್ಬಿಗೆ ಗೊತ್ತಿಲ್ಲ. ಅವನನ್ನು ಜೀವಂತ ಕೊಂದದ್ದು ಆ ಸಾಲೇ.

ಬೀನಿ


ಲಂಡನ್
23 ನವೆಂಬರ್ 1963

ಬೀನಿ,

ನಾಲ್ಕು ಸಲ ಬರೆದು ಹರಿದೆ.

ಆ ಸಾಲು ನಿನ್ನ ಕಾಗದದಿಂದಲೇ ಬಂತು, ಸುಳ್ಳು ಹೇಳುವುದಿಲ್ಲ. ಬರೆಯುವಾಗ ನನಗೆ ಅದು ನಿನ್ನ ಮಾತು ಅನ್ನಿಸಲೇ ಇಲ್ಲ. ಒಂದು ಊರು ಒಂದು ಹೆಸರನ್ನು ಹೀಗೂ ಇಟ್ಟುಕೊಳ್ಳುತ್ತದೆ, ಹೆಸರು ಹೊತ್ತವನೊಬ್ಬನನ್ನು ಬಿಟ್ಟು ಎಲ್ಲರಿಗೂ ಅದರ ಕತೆ ಗೊತ್ತಿರುತ್ತದೆ ಎನ್ನುವುದು ನನಗೆ ಇಡೀ ಕೆಲಸದಲ್ಲಿ ಸಿಕ್ಕ ದೊಡ್ಡ ವಿಷಯವಾಗಿತ್ತು. ಬಿಡಲು ಮನಸ್ಸು ಬರಲಿಲ್ಲ. ಅದು ದುರಾಸೆ, ಒಪ್ಪುತ್ತೇನೆ.

ಆದರೆ ನೀವು ಯಾರೂ ನನ್ನನ್ನು ಅರ್ಥ ಮಾಡಿಕೊಳ್ಳಲಿಲ್ಲ. ಹತ್ತು ವರ್ಷದ ನನಗೆ ನಮ್ಮ ಮನೆಯ ಮಾತಿಗೆ ಅಂಗೈ ಬಾತುಕೊಳ್ಳುವಷ್ಟು ಏಟು ಬಿತ್ತು. ಇಲ್ಲಿಗೆ ಬಂದ ಮೇಲೆ ಬಾಯಿ ತೆರೆದರೆ ನಗು. ಆ ನಗು ನಿಲ್ಲಿಸಲು ನಾನು ಇವರ ಹಾಗೆ ಮಾತಾಡಲು ಕಲಿತೆ, ಊರಿಗೆ ಬಂದರೆ ಜೀನಿಯಂಥವರು ಅದಕ್ಕೂ ನಕ್ಕರು. ಎರಡು ಕಡೆಯೂ ನನಗೆ ಬಾಯಿ ಇಲ್ಲ. ಮಾತುಗಳನ್ನು ಬರೆದಿಡುವುದೊಂದೇ ನನಗೆ ಉಳಿದ ಕೆಲಸ.

ಗಿಬ್ಬಿಗೆ ನಾನೇ ಬಂದು ಹೇಳಲೇ?

ನೆಟ್ಟಾ


ಲೊವೆಸ್ಟಾಫ್ಟ್
16 ಫೆಬ್ರವರಿ 1964

ಮಿಸ್ ಮೇರ್ ಅವರಿಗೆ,

ನನ್ನ ವಿಳಾಸ ಬದಲಾಗಿದೆ. ಜನವರಿಯಿಂದ ಇಲ್ಲಿ ಬೇರೆಯವರ ದೋಣಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ತಂಗಿ ಹೇಳಿರಬಹುದು.

ಊರು ಬಿಡುವ ಮುಂಚೆ ಮತದಾರರ ಪಟ್ಟಿಯಿಂದ ಆ ಹೆಸರನ್ನು ತೆಗೆಸಿದೆ. ಗುಮಾಸ್ತ "ತೆಗೆದ್ರೆ ನಿಮ್ಮನ್ನ ಹೆಂಗೆ ಗುರುತು ಹಿಡಿಯೋದು?" ಅಂದ. ಹಿಡಿಯೋದು ಬೇಡ ಅಂದೆ. ಮುಂದಿನ ವಾರದಿಂದ ನನ್ನ ಕಾಗದಗಳೆಲ್ಲ ಗಂಜಿ ಮನೆಯ ಗಿಲ್ಬರ್ಟನಿಗೆ ಹೋಗತೊಡಗಿದವು. ದೋಣಿ ಕಟ್ಟೆಯಲ್ಲಿ ನನ್ನನ್ನು ಕರೆಯಲು ಯಾರಿಗೂ ಏನೂ ಉಳಿದಿರಲಿಲ್ಲ. "ಏಯ್" ಅನ್ನುತ್ತಿದ್ದರು, ತಲೆ ತಗ್ಗಿಸುತ್ತಿದ್ದರು. ದೋಣಿಯ ಮೇಲಿನ ಚೂರಿಯ ಚಿತ್ರ ಕೆರೆದು ತೆಗೆಯುವಾಗ ಮತ್ತೆ ಊರೆಲ್ಲ ಬಂದು ನಿಂತು ನೋಡಿತು. ಅವತ್ತೂ ಯಾರೂ ಮಾತಾಡಲಿಲ್ಲ.

ಇಲ್ಲಿ ನನ್ನನ್ನು ಜಾಕ್ ಅನ್ನುತ್ತಾರೆ. ಸ್ಕಾಟ್ಲೆಂಡಿನಿಂದ ಬಂದವರೆಲ್ಲ ಇವರಿಗೆ ಜಾಕ್. ಈ ದೋಣಿಯಲ್ಲೇ ಮೂವರು ಜಾಕ್ ಇದ್ದೇವೆ. ನನ್ನ ಮಾತು ಅರ್ಧ ಅರ್ಥವಾಗುತ್ತದೆ, ಇನ್ನರ್ಧಕ್ಕೆ ನಗುತ್ತಾರೆ. ಅವರು ನಗುವುದು ನನಗೆ ಕೇಳಿಸುತ್ತದೆ, ಅಷ್ಟು ಸಾಕು.

ಬರೆದದ್ದು ಒಂದು ವಿಷಯ ಕೇಳುವುದಕ್ಕೆ. ನಿಮ್ಮ ಅಪ್ಪ ನಲವತ್ತು ನಿಮಿಷ ಮಾತಾಡಿದರೆಂದು ಬೀನಿ ಹೇಳಿದಳು. ಪುಸ್ತಕದಲ್ಲಿ ಇರುವುದು ನಾಲ್ಕು ಸಾಲು. ಉಳಿದದ್ದರಲ್ಲಿ ನಮ್ಮಜ್ಜನ ಬಗ್ಗೆ ಬೇರೇನಾದರೂ ಹೇಳಿದ್ದರೇ? ಕೆಟ್ಟದ್ದಾದರೂ ಸರಿ. ಆ ಟೇಪು ಕೇಳಲು ಲಂಡನ್ನಿಗೆ ಬರಲು ಸಿದ್ಧನಿದ್ದೇನೆ. ಭಾನುವಾರ ರಜೆ ಇರುತ್ತದೆ.

ಇಂತಿ,
ಗಿಲ್ಬರ್ಟ್ ಮೇರ್


ಲಂಡನ್
3 ಮಾರ್ಚ್ 1964

ಗಿಬ್ಬಿ,

ನಿನ್ನ ಕಾಗದ ಕೈಗೆ ಬಂದ ದಿನವೇ ಟೇಪು ಹುಡುಕಲು ಹೋದೆ. ನಮ್ಮ ಇಲಾಖೆಯಲ್ಲಿ ಟೇಪಿಗೆ ಯಾವಾಗಲೂ ಬರ. ಬೇಕಾದ ಸಾಲುಗಳನ್ನು ಬರೆದುಕೊಂಡ ಮೇಲೆ ಅದರ ಮೇಲೆಯೇ ಇನ್ನೊಂದು ಊರಿನದನ್ನು ತುಂಬಿಸುತ್ತಾರೆ. ಅಪ್ಪನ ಟೇಪಿನಲ್ಲಿ ಈಗ ಕಾರ್ನ್‌ವಾಲಿನ ಮುದುಕನೊಬ್ಬ ತನ್ನ ಹಂದಿಗಳ ಹೆಸರು ಹೇಳುತ್ತಿದ್ದಾನೆ. ಎರಡೂ ಬದಿ ಕೊನೆಯ ತನಕ ಕೇಳಿದೆ. ಅಪ್ಪನ ಕೆಮ್ಮು ಕೂಡ ಉಳಿದಿಲ್ಲ.

ಆದರೆ ಅಪ್ಪ ಹೇಳಿದ್ದು ನನಗೆ ನೆನಪಿದೆ. ಮೊದಲನೆಯ ಶನಿವಾರ ನಿಮ್ಮಜ್ಜ ಮೀನಿಟ್ಟು ಹೋದಾಗ ಅಪ್ಪ ಅದನ್ನು ಎತ್ತಿ ಹೊರಗೆಸೆಯಲು ಹೋದನಂತೆ. ನಮ್ಮಜ್ಜಿ ಕೈ ಹಿಡಿದಳಂತೆ. "ಕೊಯ್ದೇ ಇದ್ರೆ ಮೂರು ಹೆಣ ಬರೋವು. ಕೊಯ್ದಿದ್ದಕ್ಕೆ ಎರಡು. ನಿಮ್ಮಪ್ಪ ಆ ದೋಣಿಯೊಳಗಿದ್ದು ಅವ್ನು ನೀರಲ್ಲಿದ್ದಿದ್ರೆ ನಿಮ್ಮಪ್ಪನೂ ಕೊಯ್ತಿದ್ದ. ಕೊಯ್ಲಿ ಅಂತ್ಲೇ ನಾನು ಬೇಡ್ಕೊಳ್ತಿದ್ದೆ" ಅಂದಳಂತೆ. ಈ ಮಾತು ಮನೆಯ ಹೊರಗೆ ಹೋಗಲಿಲ್ಲ. ಅಪ್ಪ ನನಗೂ ಬೀನಿಗೂ ಮುಂಚೆ ಯಾವತ್ತೂ ಹೇಳಿರಲಿಲ್ಲ.

ನಾನು ಅದನ್ನು ಯಾಕೆ ಬರೆದುಕೊಳ್ಳಲಿಲ್ಲ ಎಂದು ನೀನು ಕೇಳುತ್ತೀಯ. ಹೆಸರು ಬಂದದ್ದು ಹೇಗೆ ಎನ್ನುವುದಕ್ಕೆ ಅದು ಬೇಕಾಗಿರಲಿಲ್ಲ. ಒಂದು ಪದಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಜಾಗ ಕೊಡುತ್ತಿರಲಿಲ್ಲ. ಇದೇ ಕಾರಣ, ಬೇರೆ ಇಲ್ಲ.

ನನ್ನನ್ನು ನಂಬು.

ನೆಟ್ಟಾ


ಸ್ಕೆರಿಹೇವನ್
21 ಜೂನ್ 1964

ನೆಟ್ಟಾ,

ನಿನ್ನ ಮೂರು ಕಾಗದವೂ ಬಂದಿವೆ. ಉತ್ತರ ಬರೆಯುವ ಮನಸ್ಸಿರಲಿಲ್ಲ. ಈಗ ಬರೆಯಬೇಕಾಗಿ ಬಂತು, ಇದನ್ನು ಬರೆದರೆ ನನ್ನ ಕಡೆಯಿಂದ ಮುಗಿಯುತ್ತದೆ.

ನೀನು ಗಿಬ್ಬಿಗೆ ಬರೆದದ್ದನ್ನು ಅವನು ನನಗೆ ಕಳಿಸಿದ. ಜೊತೆಗೆ ಬೇರೆ ಕಾಗದವಿಲ್ಲ, ಅಜ್ಜಿಯ ಮಾತಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ "ನಿಮ್ಮಕ್ಕ ಈಗ ಹೇಳುತ್ತಿದ್ದಾಳೆ" ಎಂದು ಬರೆದಿದ್ದಾನೆ. ಅವನು ನಂಬಲಿಲ್ಲ. ನನಗೆ ನಂಬಬೇಕೆಂದು ಆಸೆ. ಅಜ್ಜಿ ಹಾಗೆ ಹೇಳುವಂಥವಳೇ. ಆದರೆ ನೀನೂ ಹಾಗೆ ಬರೆಯಬಲ್ಲವಳೇ, ಮಾತುಗಳ ಜೊತೆ ಕೆಲಸ ಮಾಡುವವಳು. ಅಪ್ಪ ಬದುಕಿದ್ದರೆ ಒಂದು ಮಾತು ಕೇಳಿಬಿಡುತ್ತಿದ್ದೆ. ಒಳ್ಳೆಯ ಒಂದು ಮಾತಿತ್ತು, ಅದನ್ನು ಹಂದಿಗಳಿಗೆ ಬಿಟ್ಟುಕೊಟ್ಟಿದ್ದೀರಿ.

ಗಿಬ್ಬಿ ಎಫೀಗೆ ಪ್ರತಿ ವಾರ ಬರೆಯುತ್ತಾನೆ. ನನಗೆ ಬರೆಯುವುದಿಲ್ಲ. ಈಸ್ಟರಿಗೆ ನಾನು ಲೊವೆಸ್ಟಾಫ್ಟ್‌ಗೆ ಹೋಗಿದ್ದೆ. ಬಂದರಿನಲ್ಲಿ ಎದುರಿಗೆ ಸಿಕ್ಕಿದ. ಟೀ ಕೊಡಿಸಿದ, ಎಫೀಯ ಬೂಟಿನ ಅಳತೆ ಕೇಳಿದ. "ನಾನೂ ಇಲ್ಲಿಗೆ ಬರ್ಲಾ?" ಅಂದೆ. "ನೀನು ಬಂದ್ರೆ ಅದೂ ಬರ್ತದೆ ಬೀನಿ" ಅಂದ. ಸಿಟ್ಟಿರಲಿಲ್ಲ, ಮೆಲ್ಲಗೇ ಹೇಳಿದ. ಆಚೆ ಯಾರೋ "ಜಾಕ್" ಎಂದು ಕೂಗಿದರು, ಎದ್ದು ಹೋದ. ಹದಿನೈದು ವರ್ಷ ನಾನು ಅವನಿಗಾಗಿ ಬಾಯಿ ಮುಚ್ಚಿಕೊಂಡಿದ್ದೆ ಅಂದುಕೊಂಡಿದ್ದೆ. ಅವನಿಗೆ ಅದು ಹದಿನೈದು ವರ್ಷದ ಸುಳ್ಳು. ಯಾರದು ಸರಿಯೋ ನನಗೆ ಈಗ ಗೊತ್ತಾಗುವುದಿಲ್ಲ, ಆದರೆ ಊಟದ ಮೇಜಿನಲ್ಲಿ ಅವನ ಜಾಗ ಖಾಲಿ ಇದೆ.

ಎರಡನೆಯ ಮುದ್ರಣದಲ್ಲಿ ಆ ಪದವನ್ನೇ ತೆಗೆದುಹಾಕುತ್ತೇನೆ ಎಂದು ಬರೆದಿದ್ದೀಯ. ತೆಗೆಯಬೇಡ, ಬಿಡು. ಇರುವುದು ಇರಲಿ. ತೆಗೆದರೆ ಮೂಗು ತೂರಿಸುವವರು ಯಾಕೆ ತೆಗೆದರೆಂದು ಕೇಳುತ್ತಾರೆ.

ಆಗಸ್ಟಿನಲ್ಲಿ ಬರುತ್ತೇನೆ, ಮನೆಮನೆಗೂ ಹೋಗಿ ಕ್ಷಮೆ ಕೇಳುತ್ತೇನೆ, ಮೆಷಿನ್ ತರುವುದಿಲ್ಲ ಎಂದೂ ಬರೆದಿದ್ದೀಯ. ಬಾ. ಇದು ನಿನ್ನ ಅಪ್ಪನ ಮನೆ, ಬೇಡ ಅನ್ನಲು ನಾನು ಯಾರು? ಯಾರೂ ನಿನ್ನನ್ನು ಬಯ್ಯುವುದಿಲ್ಲ. ಜೀನಿ ಟೀ ಕೊಡುತ್ತಾಳೆ, ಗಂಜಿ ಮನೆಯವರು ಮೀನು ಕಳಿಸುತ್ತಾರೆ, ಎಲ್ಲರೂ ಲಂಡನ್ ಹವೆ ಹೇಗಿದೆ ಅಂತ ಕೇಳುತ್ತಾರೆ. ಕ್ಷಮೆ ಕೇಳಿದರೆ "ಅಯ್ಯೋ ಬಿಡು ತಾಯಿ, ಅದೇನು ದೊಡ್ಡ ಮಾತಲ್ಲ" ಅನ್ನುತ್ತಾರೆ. ನೀನು ನಂಬಿಬಿಡುತ್ತೀಯ.

ಅದಕ್ಕೇ ಒಂದು ವಿಷಯ ಮೊದಲೇ ತಿಳಿಸಿಬಿಡುತ್ತೇನೆ, ಗಿಬ್ಬಿಗೆ ಮಾಡಿದ ಹಾಗೆ ನಿನಗೆ ಮಾಡಲಾರೆ. ಚಳಿಗಾಲದಲ್ಲಿ ಊರು ನಿನಗೊಂದು ಹೆಸರಿಟ್ಟಿದೆ. ಮೊದಲು ದೋಣಿ ಕಟ್ಟೆಯಲ್ಲಿ ಯಾರೋ ಅಂದರು, ಈಗ ಎಲ್ಲರ ಬಾಯಲ್ಲೂ ಅದೇ. ಚಿಕ್ಕ ಹೆಸರು, ನಾಲಿಗೆಗೆ ಸಲೀಸು. ನಾನೂ ಮೊನ್ನೆ ಅಂಗಡಿಯಲ್ಲಿ ಮಾತಾಡುತ್ತಾ ಅದನ್ನೇ ಅಂದೆ, ಅಂದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಏನೆಂದು ಹೇಳುವುದಿಲ್ಲ. ನೀನು ಬಂದಾಗ ಯಾರನ್ನೇ ಕೇಳು, ಹಾಗೇನೂ ಇಲ್ಲವಲ್ಲ ಅನ್ನುತ್ತಾರೆ. ನಿನ್ನೆದುರಿಗೆ ಆಡಬಾರದೆಂದು ಮಕ್ಕಳಿಗೂ ಹೇಳಿಕೊಟ್ಟಾಗಿದೆ. ಎಫೀಗೆ ನಾನೇ ಹೇಳಿಕೊಟ್ಟೆ.

ಬೀನಿ